ಕಥೆಯೊಳಗಿನವರೇ ಓದುಗರಾದಾಗ



‘ಕಾದಂಬರಿ ಮತ್ತು ಅದರ ಮೊದಲ ಓದುಗರು’ ಎಂಬ ವಿಷಯವನ್ನು ಕುರಿತ ಈ ವಿಚಾರಸಂಕಿರಣಕ್ಕೆ ಆಶಯ ಭಾಷಣ ಮಾಡಬೇಕೆಂದು ನನ್ನನ್ನು ಕರೆಸಿಕೊಂಡ ಸಂಚಾಲಕರ ವಿಶ್ವಾಸಕ್ಕೆ ನಾನು ಕೃತಜ್ಞನಾಗಿದ್ದೇನೆ. ಆದರೆ ಅವರು ನನ್ನ ಹೆಸರನ್ನು ಆರಿಸುವಾಗ ನನ್ನ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡರೇ ಹೊರತು, ಯಾವ ವೇದಿಕೆ ದೊರೆತರೂ ಒಂದೇ ತಕರಾರನ್ನು ಎತ್ತುವ ನನ್ನ ಹಳೆಯ ಅಭ್ಯಾಸವನ್ನು ಗಮನಿಸಿದಂತೆ ತೋರುವುದಿಲ್ಲ. ಈ ಸಭೆಯಲ್ಲಿ ಆ ತಕರಾರನ್ನು ಹಿಂದೆ ಕೇಳಿ ದಣಿದವರು ಕೆಲವರಿದ್ದಾರೆ. ಅವರ ಮುಖಗಳು ನನಗೆ ಕಾಣಿಸುತ್ತಿವೆ. ಅವರ ಕ್ಷಮೆಯನ್ನು ಮೊದಲೇ ಬೇಡಿಬಿಡುತ್ತೇನೆ.

ಈ ಕ್ಷೇತ್ರದಲ್ಲಿ ಆಗಿರುವ ಕೆಲಸದ ಸಮೀಕ್ಷೆಯನ್ನು ನಾನು ಮಾಡುವುದು ವಾಡಿಕೆಯ ಪ್ರಕಾರ ಯುಕ್ತವೇ ಸರಿ. ಆದರೆ ಆ ಕೆಲಸವನ್ನು ಮಾಡಿದವರಲ್ಲಿ ಅನೇಕರು ಮೊದಲ ಎರಡು ಸಾಲುಗಳಲ್ಲಿಯೇ ಆಸೀನರಾಗಿರುವಾಗ, ಅವರ ಮಾತನ್ನು ಅವರೆದುರಿಗೇ ನಾನು ಸಂಕ್ಷೇಪಿಸುವುದು ಅಧಿಕಪ್ರಸಂಗವಾದೀತು. ವಾರಪತ್ರಿಕೆಗಳ ಧಾರಾವಾಹಿಗಳನ್ನು ಕುರಿತು ಧಾರವಾಡದಿಂದ ಬಂದಿರುವ ಮಿತ್ರರು ಬರೆದಿರುವುದನ್ನೂ, ಗ್ರಂಥಾಲಯದ ಎರವಲು ವಹಿಗಳಿಂದ ಓದುಗರ ಚರಿತ್ರೆಯನ್ನು ಹೊರತೆಗೆಯಲು ಯತ್ನಿಸುತ್ತಿರುವ ಮೈಸೂರಿನ ತರುಣ ವಿದುಷಿಯ ಶ್ರಮವನ್ನೂ ನೀವು ಮಧ್ಯಾಹ್ನ ಸ್ವತಃ ಕೇಳುವಿರಿ. ಒಬ್ಬೊಬ್ಬರ ಹೆಸರು ಹಿಡಿದು ಹೇಳಹೊರಟರೆ ಯಾರಾದರೊಬ್ಬರು ಬಿಟ್ಟುಹೋದಾರೆಂಬ ಭಯದಿಂದ ಎಲ್ಲರಿಗೂ ಒಟ್ಟಿಗೆ ನಮಸ್ಕರಿಸಿ ಮುಂದುವರಿಯುತ್ತೇನೆ.

ನನ್ನ ತಕರಾರು ಇದು. ಕಾವ್ಯಶಾಸ್ತ್ರವು, ಪೂರ್ವದ್ದಾಗಲಿ ಪಶ್ಚಿಮದ್ದಾಗಲಿ, ಓದುಗನ ಕಡೆಗೆ ತಿರುಗಿದಾಗಲೆಲ್ಲ ಅರ್ಹನಾದ ಓದುಗನನ್ನೇ ಅರಸಿತು. ಆನಂದವರ್ಧನ ಅಭಿನವಗುಪ್ತರ ಸಹೃದಯನು ಕಾವ್ಯಾಭ್ಯಾಸದಿಂದ ಮನೋಮುಕುರವನ್ನು ತಿಳಿಗೊಳಿಸಿಕೊಂಡವನು. 1960 ಮತ್ತು 70ರ ದಶಕಗಳಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿ ಯಾಸ್ ಮತ್ತು ಈಸರ್ ಅವರು ಓದುಗನಿಗೆ ಸಿಂಹಾಸನವನ್ನು ಹಾಕಿಕೊಟ್ಟರೆಂದು ನಾವೆಲ್ಲ ಸಂತೋಷಪಟ್ಟೆವು. ಹತ್ತಿರ ಹೋಗಿ ನೋಡಿದರೆ ಅಲ್ಲಿ ಕುಳಿತಿದ್ದವನು ಕೃತಿಯೇ ಕಲ್ಪಿಸಿಕೊಂಡ ಓದುಗ, ಮೈಮೇಲೆ ಮಾಂಸವಿಲ್ಲದವನು. ನಿಜವಾದ ಮನುಷ್ಯರು ಓದಿ ಬರೆದದ್ದನ್ನು ಕಲೆಹಾಕಿದವರಲ್ಲಿ ಮೊದಲಿಗರೆನ್ನಬಹುದಾದ ಐ. ಎ. ರಿಚರ್ಡ್ಸ್ ಅವರು ಕೇಂಬ್ರಿಜ್‌ನ ತಮ್ಮ ವಿದ್ಯಾರ್ಥಿಗಳಿಗೆ ಕವಿಯ ಹೆಸರನ್ನು ಮರೆಮಾಡಿ ಕವಿತೆಗಳನ್ನು ಕೊಟ್ಟು, ಅವರು ಬರೆದುಕೊಟ್ಟ ಟಿಪ್ಪಣಿಗಳನ್ನು 1929ರಲ್ಲಿ ಗ್ರಂಥರೂಪದಲ್ಲಿ ಪರಿಶೀಲಿಸಿದರು. ಆದರೆ ಆ ಪರಿಶೀಲನೆಯಾದರೂ ಬಹುಮಟ್ಟಿಗೆ ಓದುಗರು ಎಲ್ಲೆಲ್ಲಿ ಎಡವಿದರೆಂಬುದರ ಪಟ್ಟಿಯಾಯಿತು. ಇನ್ನು ನಮ್ಮ ನವ್ಯ ವಿಮರ್ಶೆಯ ಕೃತಿನಿಷ್ಠೆಯ ವ್ರತವಂತೂ ಓದುಗನನ್ನು ಹೊಸ್ತಿಲಿನಾಚೆಯೇ ನಿಲ್ಲಿಸಿತು. ಹೀಗಾಗಿ ಒಂದು ಬಗೆಯ ಓದುಗನು ಎಲ್ಲ ಕಡೆಯೂ ಹೊರಗುಳಿದನು: ಯಾವ ವೃತ್ತಿಯನ್ನು ಕುರಿತು ಕಾದಂಬರಿ ಬರೆಯಲ್ಪಟ್ಟಿದೆಯೋ ಆ ವೃತ್ತಿಯಲ್ಲೇ ಇದ್ದು, ಕೃತಿಯ ಒಂದು ಅಧ್ಯಾಯವನ್ನು ಎಲ್ಲಿಯೋ ಓದಿ, ‘ನಮ್ಮಲ್ಲಿ ಹೀಗೆ ನಡೆಯುವುದಿಲ್ಲ’ ಎಂದು ಪತ್ರಿಕೆಗೆ ಕಾಗದ ಬರೆಯುವವನು. ಅವನನ್ನು ನಾವು ಅರಸಿಕನೆಂದೆವು. ಪೂರ್ಣಕೃತಿಯನ್ನು ಓದದೆ ಮಾತನಾಡುವ ಆತುರಗಾರನೆಂದೆವು. ಅವನ ಕಾಗದ ಬುಟ್ಟಿಗೆ ಹೋಯಿತು. ವಿಮರ್ಶೆಯ ಕಸುವಿನ ಒಂದು ಅಂಶ ಆ ಬುಟ್ಟಿಯಲ್ಲಿತ್ತೆಂಬುದು ನನ್ನ ದೃಢವಾದ ನಂಬಿಕೆ.

ಕನ್ನಡದ್ದೇ ಒಂದು ನಿದರ್ಶನವನ್ನು ಕೊಟ್ಟು ಮುಂದೆ ಹೋಗುತ್ತೇನೆ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಹೊರಬಂದಿತು. ಮುಂಬಯಿಯ ಉದ್ಯಮಸಂಸ್ಥೆಯೊಂದರ ಅಧಿಕಾರಿಯಾದ ನಾಗಪ್ಪನ ಸುತ್ತ ಹೆಣೆಯಲ್ಪಡುವ ಸಂಚಿನ ಕಥೆ ಅದು. ಬರೆದವರು ಸ್ವತಃ ಪಾಲಿಮರ್ ತಂತ್ರಜ್ಞರು. ಕಾರ್ಖಾನೆಯ ಒಳಹೊರಗನ್ನು ಬಲ್ಲವರು. ಆ ಕಾದಂಬರಿಯನ್ನು ಕುರಿತು ನಾವು ಅಸ್ತಿತ್ವವಾದ, ಕಾಫ್ಕಾ, ಅಮಾನವೀಕರಣ ಎಂದು ಎಷ್ಟು ಪುಟಗಳನ್ನು ತುಂಬಿಸಿದೆವು! ಚಿತ್ತಾಲರ ಸಮಕಾಲೀನರಾಗಿ ಅಂಥದೇ ಸಂಸ್ಥೆಗಳಲ್ಲಿ ದುಡಿದ ಕನ್ನಡಿಗ ರಸಾಯನತಂತ್ರಜ್ಞರನ್ನು ಕಂಡು, ‘ಅಮಾನತಿನಲ್ಲಿಟ್ಟ ಅಧಿಕಾರಿಯನ್ನು ನಿಮ್ಮಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ? ಇದನ್ನು ಓದುವಾಗ ನಿಮಗೆ ಏನನ್ನಿಸಿತು?’ ಎಂದು ಕೇಳಿದ ವಿಮರ್ಶಕನೊಬ್ಬನಾದರೂ ಇದ್ದಿದ್ದರೆ, ಶಿಕಾರಿಯ ಭಯವು ಎಷ್ಟರಮಟ್ಟಿಗೆ ನಾಗಪ್ಪನ ಮನಸ್ಸಿನದು, ಎಷ್ಟರಮಟ್ಟಿಗೆ ಕಚೇರಿಯ ರಿವಾಜಿನದು ಎಂಬ ಪ್ರಶ್ನೆಗೆ, ಅದು ಆ ಕಾದಂಬರಿಯ ಹೃದಯದಲ್ಲೇ ಇರುವ ಪ್ರಶ್ನೆ, ನಮಗೊಂದು ಬೆಳಕು ದೊರೆಯುತ್ತಿತ್ತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಗಣಕಯಂತ್ರದ ಉದ್ಯೋಗಿಗಳನ್ನು ಕುರಿತ ಎರಡು ಅಮೆರಿಕನ್ ಪ್ರಸಂಗಗಳನ್ನು ನಾನು ಆರಿಸಿಕೊಂಡಿದ್ದೇನೆ. ಎರಡರಲ್ಲಿಯೂ ಕಾದಂಬರಿ ಪುಸ್ತಕವಾಗುವ ಮೊದಲೇ ಅದರ ಭಾಗವೊಂದು ಪತ್ರಿಕೆಯಲ್ಲಿ ಬಂದಿತು. ಕೆನಡಾದ ಲೇಖಕ ಡಗ್ಲಸ್ ಕೂಪ್‌ಲ್ಯಾಂಡ್ ಅವರ ‘ಮೈಕ್ರೋಸರ್ಫ್ಸ್’, ‘ವೈರ್ಡ್’ ಎಂಬ ಮಾಸಪತ್ರಿಕೆಯ 1994ರ ಜನವರಿ ಸಂಚಿಕೆಯಲ್ಲಿ ಮುಖಪುಟದ ಬರಹವಾಗಿ ಪ್ರಕಟವಾಯಿತು. ಪತ್ರಿಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ ಇನ್ನೂ ಒಂದು ವರ್ಷವಾಗಿರಲಿಲ್ಲ. ಅದನ್ನು ಕೊಂಡು ಓದುತ್ತಿದ್ದವರಲ್ಲಿ ಅನೇಕರು ಆ ಕಥೆಯೊಳಗಿನ ಜನವೇ. ವಾಷಿಂಗ್‌ಟನ್ ರಾಜ್ಯದ ರೆಡ್ಮಂಡ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ದೋಷಪರೀಕ್ಷಕನಾಗಿರುವ, ಇಂದಿನ ಮಾತಿನಲ್ಲಿ ಟೆಸ್ಟರ್ ಆಗಿರುವ, ಡೇನಿಯಲ್ ಎಂಬ ತರುಣನು ತನ್ನ ಪುಟ್ಟ ಗಣಕದಲ್ಲಿ ಬರೆದಿಡುವ ದಿನಚರಿಯ ರೂಪದಲ್ಲಿ ಕಥೆ ಸಾಗುತ್ತದೆ. ಕೂಪ್‌ಲ್ಯಾಂಡ್ ಅವರು ಇದನ್ನು ಬರೆಯುವುದಕ್ಕಾಗಿ ರೆಡ್ಮಂಡ್‌ನಲ್ಲಿ ಕೆಲವು ವಾರ ಆ ಉದ್ಯೋಗಿಗಳ ನಡುವೆಯೇ ವಾಸಮಾಡಿದ್ದರು.

ಅದರ ಆರಂಭದಲ್ಲಿ ಬರುವ ಒಂದು ಪ್ರಸಂಗವನ್ನು ಓದಿದವರು ಮರೆಯಲಾರರು. ಸಂಸ್ಥೆಯ ಒಡೆಯನಿಂದಲೇ ತನ್ನ ಕೆಲಸವನ್ನು ಹಳಿದ ಪತ್ರವೊಂದು ಬಂದೊಡನೆ, ಮೈಕೇಲ್ ಎಂಬ ಪ್ರತಿಭಾವಂತನು ತನ್ನ ಕೊಠಡಿಯ ಬಾಗಿಲನ್ನು ಮುಚ್ಚಿಕೊಂಡು ಹೊರಗೆ ಬರಲೊಲ್ಲನು. ಡೇನಿಯಲ್ ನಡುರಾತ್ರಿಯಲ್ಲಿ ಅಂಗಡಿಗೆ ಹೋಗಿ, ಬಾಗಿಲಿನಡಿಯ ಸಂದಿನಲ್ಲಿ ತೂರಿಸಬಹುದಾದ ಚಪ್ಪಟೆ ತಿನಿಸುಗಳನ್ನು, ಹಾಳೆಯಂಥ ಚೀಸ್, ಬಿಸ್ಕತ್ತು, ಇತ್ಯಾದಿಗಳನ್ನು, ಆರಿಸಿ ತಂದು ಒಂದೊಂದಾಗಿ ಒಳಕ್ಕೆ ತಳ್ಳುತ್ತಾನೆ. ಮೈಕೇಲನು ಅಂದಿನಿಂದ ಎರಡೇ ಆಯಾಮದ ಆಹಾರವನ್ನಲ್ಲದೆ ಬೇರೆ ಏನನ್ನೂ ತಿನ್ನೆನೆಂದು ನಿಶ್ಚಯಿಸುತ್ತಾನೆ.

ನಮ್ಮ ಬಡಾವಣೆಯ ವಾಚನಾಲಯದಲ್ಲಿ ಶನಿವಾರದ ಸಂಜೆ ಸೇರುವ ಓದುಬಳಗವೊಂದಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿ ಕಡೆಗಳಲ್ಲಿ ಕೆಲಸ ಮಾಡುವ ತರುಣರು ಅಲ್ಲಿಗೆ ಬರುತ್ತಾರೆ. ನನಗೆ ಅವರಲ್ಲಿ ದೊರೆತಿರುವ ಸ್ಥಾನ, ಬಾಯಿ ಹಾಕಬಾರದೆಂಬ ಷರತ್ತಿನ ಮೇಲೆ ಕುಳಿತುಕೊಳ್ಳಲು ಅನುಮತಿ ಪಡೆದ ಹಿರಿಯನದು. ಒಂದು ಸಂಜೆ ಈ ಅಧ್ಯಾಯವನ್ನು ಅವರು ಗಟ್ಟಿಯಾಗಿ ಓದಿದರು. ಚಪ್ಪಟೆ ತಿನಿಸಿನ ಪ್ರಸಂಗಕ್ಕೆ ಎಲ್ಲರೂ ನಕ್ಕರು. ‘ಇದು ನಡೆದಿರಲು ಸಾಧ್ಯವೆ?’ ಎಂದು ಒಬ್ಬರೂ ಕೇಳಲಿಲ್ಲ. ಅಧ್ಯಾಯ ಮುಗಿದ ಮೇಲೆ, ಆವರೆಗೆ ಸುಮ್ಮನಿದ್ದ ಒಬ್ಬ ಟೆಸ್ಟರ್, ಮಂಡ್ಯದ ಕಡೆಯ ಹುಡುಗ, ಹೇಳಿದ್ದು ಇಷ್ಟು: “ಎಲ್ಲ ಸರಿ ಸಾರ್. ಆದ್ರೆ ಶಿಪ್ಪಿಂಗ್ ಡೇಟು ತಲೆ ಮೇಲೆ ಕೂತಿರುವಾಗ ಟೆಸ್ಟಿಂಗ್‌ನೋನು ರಾತ್ರಿ ಮನೆಗ್ ಹೋಗಿ ಡೈರಿ ಬರೀತಾನಾ? ಅವನ ಕೈಲಿ ಅಷ್ಟು ವಾಕ್ಯ ಎಲ್ಲಿ ಉಳಿದಿರುತ್ತೆ?”

ಉಳಿದವರು ಇದನ್ನು ಚೇಷ್ಟೆಯೆಂದು ಭಾವಿಸಿ ಮತ್ತೊಮ್ಮೆ ನಕ್ಕರು. ನನಗೆ ಮೈ ಜುಮ್ಮೆಂದಿತು. ಏಕೆಂದರೆ ಆ ಹುಡುಗನು ಎತ್ತಿದ್ದು ಕಥನರೂಪದ ಪ್ರಶ್ನೆಯನ್ನು. ರಿಚರ್ಡ್‌ಸನ್‌ನ ‘ಪಮೇಲಾ’ 1740ರಲ್ಲಿ ಪ್ರಕಟವಾದಾಗ, ಒಡೆಯನ ಕಾಟಕ್ಕೆ ಸಿಕ್ಕಿ ನರಳುವ ಮನೆಗೆಲಸದ ಹುಡುಗಿಯೊಬ್ಬಳು ಸಂಕಟದ ನಡುವೆಯೇ ಅಷ್ಟುದ್ದದ ಕಾಗದಗಳನ್ನು ಬರೆಯುತ್ತ ಹೋಗುವ ವಿಪರೀತವನ್ನು ಹಿಡಿದು, ಮರುವರ್ಷವೇ ಫೀಲ್ಡಿಂಗನು ‘ಶಮೇಲಾ’ ಎಂಬ ಅಣಕವನ್ನು ಬರೆದನು. ಅದನ್ನು ನಾವು ಕಾದಂಬರಿಯ ಇತಿಹಾಸದ ಮಹತ್ವದ ಘಟ್ಟವೆಂದು ಎಂ.ಎ. ತರಗತಿಗಳಲ್ಲಿ ಬೋಧಿಸುತ್ತೇವೆ. ಫೀಲ್ಡಿಂಗನಿಗೆ ಇದ್ದದ್ದು ಪಾಂಡಿತ್ಯ. ಈ ಹುಡುಗನಿಗೆ ಇದ್ದದ್ದು ದಣಿವಿನ ಅನುಭವ. ಇಬ್ಬರೂ ತಲುಪಿದ್ದು ಒಂದೇ ಸ್ಥಳವನ್ನು. ಒಬ್ಬನನ್ನು ವಿಮರ್ಶಕನೆಂದೂ ಮತ್ತೊಬ್ಬನನ್ನು ಅರಸಿಕನೆಂದೂ ಯಾವ ನ್ಯಾಯದಿಂದ ಕರೆಯೋಣ?

ಅಧ್ಯಕ್ಷರಿಂದ ಒಂದು ಚೀಟಿ ಬಂದಿದೆ. ಅದರಲ್ಲಿ ಏನಿರಬಹುದೆಂದು ಊಹಿಸಬಲ್ಲೆನಾದುದರಿಂದ ಮಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತೇನೆ.

ಎರಡನೆಯ ಪ್ರಸಂಗವು ಇದಕ್ಕಿಂತ ಜಟಿಲವಾದದ್ದು. ನನ್ನ ಆಸಕ್ತಿಯೂ ಅದರಲ್ಲಿಯೇ ಹೆಚ್ಚು. ಡೇವ್ ಎಗ್ಗರ್ಸ್ ಅವರ ‘ದಿ ಸರ್ಕಲ್’ ಕಾದಂಬರಿಯ ದೀರ್ಘವಾದ ಒಂದು ಭಾಗವು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಸಾಪ್ತಾಹಿಕ ಪುರವಣಿಯಲ್ಲಿ 2013ರ ಸೆಪ್ಟೆಂಬರ್ ಕೊನೆಯಲ್ಲಿ ಬಂದಿತು. ಪುಸ್ತಕ ಅಂಗಡಿಗೆ ಬಂದದ್ದು ಅಕ್ಟೋಬರ್ 8ರಂದು. ಲೋಕದ ಸಮಸ್ತ ವ್ಯವಹಾರವನ್ನೂ ತನ್ನ ಜಾಲದೊಳಕ್ಕೆ ಸೆಳೆದುಕೊಂಡಿರುವ ಮಹಾಸಂಸ್ಥೆಯೊಂದಕ್ಕೆ ಮೇ ಹಾಲೆಂಡ್ ಎಂಬ ಯುವತಿ ಕೆಲಸಕ್ಕೆ ಸೇರುವಲ್ಲಿಂದ ಕಥೆ ಮೊದಲಾಗುತ್ತದೆ. ಗಮನಿಸಿ, ಇವಳಾದರೂ ಯಂತ್ರವನ್ನು ನಿರ್ಮಿಸುವವಳಲ್ಲ. ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸುವ ವಿಭಾಗದವಳು. ಪ್ರತಿ ಉತ್ತರದ ಬೆನ್ನಿಗೂ ಗ್ರಾಹಕನಿಗೆ ಒಂದು ಪ್ರಶ್ನಾವಳಿ ಹೋಗುತ್ತದೆ. ಅವನು ಕೊಡುವ ಅಂಕ 100ಕ್ಕೆ ಕಡಮೆಯಾದರೆ, ಕಡಮೆಯಾದುದೇಕೆಂದು ಅವನನ್ನು ಮತ್ತೆ ವಿನಯಪೂರ್ವಕವಾಗಿ ಕೇಳತಕ್ಕದ್ದು. ದಿನಗಳೆದಂತೆ ಅವಳ ಮೇಜಿನ ಮೇಲೆ ಪರದೆಗಳ ಸಂಖ್ಯೆ ಏರುತ್ತ ಹೋಗುತ್ತದೆ.

ಕೂಪ್‌ಲ್ಯಾಂಡ್ ಅವರಿಗೂ ಎಗ್ಗರ್ಸ್ ಅವರಿಗೂ ಒಂದು ಮೂಲಭೂತವಾದ ಭೇದವುಂಟು. ಅಂಥ ಯಾವ ಸಂಸ್ಥೆಯ ಆವರಣಕ್ಕೂ ತಾನು ಕಾಲಿಡಲಿಲ್ಲವೆಂದೂ, ತನ್ನ ಕಥೆ ನಿಜವಾದ ಯಾವೊಂದು ಸಂಸ್ಥೆಯ ಪ್ರತಿಬಿಂಬವೂ ಆಗದಿರಲೆಂದು ಬುದ್ಧಿಪೂರ್ವಕವಾಗಿಯೇ ದೂರ ಉಳಿದೆನೆಂದೂ ಎಗ್ಗರ್ಸ್ ತಿಳಿಸಿದರು. ಈ ಮಾತು ಕಿಡಿಯ ಕೆಲಸ ಮಾಡಿತು. ತಂತ್ರಜ್ಞಾನದ ವಿಷಯಗಳನ್ನು ಬರೆಯುವ ಪತ್ರಿಕಾಲೇಖಕರು ಹಾಗೂ ಆ ಉದ್ಯಮದ ಜನ, ‘ಹೋಗಿ ನೋಡದೆ ಬರೆದದ್ದರ ಫಲ ಇದು, ಅಲ್ಲಿಯ ಜನ ಹೀಗೆ ಮಾತನಾಡುವುದಿಲ್ಲ, ಹೀಗೆ ಯೋಚಿಸುವುದಿಲ್ಲ’ ಎಂದು ಆಕ್ಷೇಪಿಸಿದರು. ಇದೇ ಸಮಯದಲ್ಲಿ, ಪ್ರಸಿದ್ಧ ಸಾಮಾಜಿಕ ಜಾಲವೊಂದರ ಮೊದಮೊದಲಿನ ಉದ್ಯೋಗಿಗಳಲ್ಲಿ ಒಬ್ಬರಾಗಿದ್ದು, ಗ್ರಾಹಕಸೇವೆಯಿಂದಲೇ ಅಲ್ಲಿ ಕೆಲಸ ಪ್ರಾರಂಭಿಸಿ, ಆ ಅನುಭವವನ್ನು 2012ರಲ್ಲಿ ಪುಸ್ತಕವಾಗಿ ಬರೆದಿದ್ದ ಲೇಖಕಿಯೊಬ್ಬರು, ಕಾದಂಬರಿ ಪೂರ್ತಿಯಾಗಿ ಕೈಗೆ ಬರುವ ಮೊದಲೇ, ಇದು ತಮ್ಮ ಕಥೆಯೇ ಎಂದು ದೂರಿದರು. ಆ ಪುಸ್ತಕವನ್ನು ತಾನು ಓದಿಲ್ಲ, ಅದರ ಹೆಸರನ್ನೂ ಕೇಳಿರಲಿಲ್ಲ ಎಂದು ಎಗ್ಗರ್ಸ್ ಉತ್ತರಕೊಟ್ಟರು.

ಮಹನೀಯರೆ, ಈ ಸಂಗತಿಯನ್ನು ನಾನು ಅನೇಕ ಸಾರಿ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಒಂದೇ ಬರಹದ ಮುಂದೆ ನಿಂತು ಕೆಲವರು, ‘ಇದರಲ್ಲಿ ನಮ್ಮದೇನೂ ಇಲ್ಲ’ ಎಂದರು. ಒಬ್ಬರು, ‘ಇದರಲ್ಲಿರುವುದೆಲ್ಲ ನನ್ನದು’ ಎಂದರು. ಪೂರ್ತಿ ಓದದೆ ಆಡಿದ ಮಾತೆಂದು ಆ ಲೇಖಕಿಯನ್ನು ಅಂದು ಹಲವರು ಪರಿಹಾಸ್ಯಮಾಡಿದರು. ನನಗೆ ಆ ಪರಿಹಾಸ್ಯ ಹಿಡಿಸುವುದಿಲ್ಲ. ಚೌರ್ಯದ ಆರೋಪವನ್ನು ನಾನು ಒಪ್ಪುವವನಲ್ಲ. ಆದರೆ ನೋಡದೆ ಬರೆದವನೊಬ್ಬನ ಚಿತ್ರದಲ್ಲಿ ಅಲ್ಲಿ ಬದುಕಿ ಬಂದವರೊಬ್ಬರು ತಮ್ಮ ಮುಖವನ್ನು ಕಂಡು ಬೆಚ್ಚಿದರೆಂದರೆ, ಅದಕ್ಕಿಂತ ಬಲವಾದ ಪ್ರಾಮಾಣ್ಯ ಆ ಅಧ್ಯಾಯಕ್ಕೆ ಬೇರೆ ಯಾರಿಂದ ದೊರೆಯಬೇಕಾಗಿತ್ತು?

ಇದೇ ಅಧ್ಯಾಯವನ್ನು ನಮ್ಮ ಶನಿವಾರದ ಬಳಗಕ್ಕೂ ನಾನೇ ಒತ್ತಾಯಮಾಡಿ ಓದಿಸಿದೆ. ದೊಡ್ಡ ಸಂಸ್ಥೆಯೊಂದರಲ್ಲಿ ಹಿರಿಯ ಹುದ್ದೆಯಲ್ಲಿರುವ ಎಂಜಿನಿಯರೊಬ್ಬರು, ಸೌಮ್ಯ ಸ್ವಭಾವದವರು, ಬೇಂದ್ರೆಯವರನ್ನು ಚೆನ್ನಾಗಿ ಓದಿಕೊಂಡವರು, ತಲೆಯಾಡಿಸಿ ಹೇಳಿದರು: “ಯಾವ ಕಂಪನಿನೂ ಹೀಗಿರಲ್ಲ ಸಾರ್. ಪ್ರೈವಸಿ ರಿವ್ಯೂ ಅಂತ ಇರುತ್ತೆ, ಲೀಗಲ್‌ನೋರು ಇರ್ತಾರೆ. ಇಷ್ಟು ಸಲೀಸಾಗಿ ಯಾವುದೂ ರಿಲೀಸ್ ಆಗಲ್ಲ. ಹೊರಗಿನೋರು ಬರೆದ್ರೆ ಹೀಗೇ.” ಅವರ ಪಕ್ಕದ ಕುರ್ಚಿಯಲ್ಲಿ ಹಾಸನದ ಕಡೆಯ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡಿ, ಈಗ ಅದನ್ನು ಬಿಟ್ಟು ಬಿ.ಎಡ್. ಓದುತ್ತಿರುವವಳು. “ಉತ್ಪ್ರೇಕ್ಷೆ ಎಲ್ಲಿದೆ ಅಣ್ಣ ಇದ್ರಲ್ಲಿ?” ಎಂದಳು. “ನನಗೆ ತೊಂಬತ್ತಾರು ಬಂದ ದಿನ ನಮ್ಮ ಟೀಮ್ ಲೀಡು ಆ ನಾಲ್ಕು ಎಲ್ಲಿ ಹೋಯ್ತು ಅಂತ ಕೇಳಿದ್ರು.” ಹಾಗೆಂದು, ನನ್ನ ಕೈಯಲ್ಲಿದ್ದ ಆಮಂತ್ರಣಪತ್ರಿಕೆಯೊಂದನ್ನು ಇಸಿದುಕೊಂಡು, ಅದರ ಹಿಂಬದಿಯಲ್ಲಿ ಗೆರೆಗಳನ್ನೆಳೆದು ತೋರಿಸತೊಡಗಿದಳು: ಕರೆಯ ಸರಾಸರಿ ಅವಧಿ ಈ ಕಾಲಮ್ಮಿನಲ್ಲಿ, ಗ್ರಾಹಕರು ಕೊಟ್ಟ ಸಿ-ಸ್ಯಾಟ್, ಎಂದರೆ ತೃಪ್ತಿಯ ಅಂಕ, ಇದರಲ್ಲಿ, ಕರೆ ಮುಗಿದ ಮೇಲೆ ಟಿಪ್ಪಣಿ ಬರೆಯಲು ಕೊಟ್ಟ ಸೆಕೆಂಡುಗಳು ಇದರಲ್ಲಿ. ಕೊನೆಯ ಕಾಲಮ್ಮನ್ನು ತುಂಬುತ್ತ, “ಒಂದೇ ಒಂದು ಬಿಟ್ಟಿದ್ದಾನೆ ನೋಡಿ,” ಎಂದಳು. “ಬಾತ್‌ರೂಮಿಗೆ ಏಳೋ ಮುಂಚೆ ಫೋನಿನಲ್ಲಿ ಆಕ್ಸ್ ಅಂತ ಒಂದು ಒತ್ತಬೇಕು. ಅದು ಎಷ್ಟು ನಿಮಿಷ ಆಯ್ತು ಅನ್ನೋದೂ ಶೀಟಿಗೆ ಬರುತ್ತೆ. ಹೋಗಿ ನೋಡಿದ್ರೆ ಅದೂ ಸಿಕ್ತಿತ್ತು ಅವನಿಗೆ.”

ಎಂಜಿನಿಯರ್ ಮಹಾಶಯರು ಬಹಳ ಹೊತ್ತು ಆ ಕಾಗದವನ್ನು ನೋಡಿದರು. ಅವರಿಗೆ ಆಕ್ಸ್ ಎಂದರೇನೆಂದು ಗೊತ್ತಿರಲಿಲ್ಲ.

ಇಲ್ಲಿ ನನ್ನ ತಕರಾರಿನ ಎರಡನೆಯ ಭಾಗವು ಹುಟ್ಟುತ್ತದೆ. ತಂತ್ರಜ್ಞಾನದ ಉದ್ಯೋಗಿ ಎಂದೊಡನೆ ನಾವು ಒಬ್ಬನೇ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತೇವೆ. ಅವನ ಆಕ್ಷೇಪವನ್ನೇ ಇಡೀ ವೃತ್ತಿಯ ಆಕ್ಷೇಪವೆಂದು ಬರೆದುಕೊಳ್ಳುತ್ತೇವೆ. ಆದರೆ ಕಾದಂಬರಿಕಾರರು ನಮಗಿಂತ ಸೂಕ್ಷ್ಮಜ್ಞರು. ಕೂಪ್‌ಲ್ಯಾಂಡ್ ತಮ್ಮ ಕಥೆಯನ್ನು ಟೆಸ್ಟರನ ಬಾಯಿಂದ ಹೇಳಿಸಿದರು. ಎಗ್ಗರ್ಸ್ ಗ್ರಾಹಕಸೇವೆಯ ಹುಡುಗಿಯ ಹಿಂದೆ ನಡೆದರು. ಕಟ್ಟಡದ ಕೆಳಗಿನ ಅಂತಸ್ತುಗಳ ಕಥೆಯನ್ನು ಓದಿ, ‘ನಮ್ಮಲ್ಲಿ ಹೀಗಿಲ್ಲ’ ಎಂದು ಗಟ್ಟಿಯಾಗಿ ಕೂಗಿದವರು ಮೇಲಿನ ಅಂತಸ್ತಿನವರು. ಪತ್ರಿಕೆಗೆ ಬರೆಯುವ ಬಿಡುವೂ ಭಾಷೆಯೂ ಅವರಿಗಿತ್ತು. ಆ ಕಾಲಕ್ಕೆ ಇಂಥ ಗ್ರಾಹಕರ ಕರೆಗಳನ್ನು ಅವರ ಹಗಲಿನಲ್ಲಿ, ಎಂದರೆ ನಮ್ಮ ನಡುರಾತ್ರಿಯಲ್ಲಿ, ಎದ್ದು ಕುಳಿತು ಉತ್ತರಿಸುತ್ತಿದ್ದವರಲ್ಲಿ ಬೆಂಗಳೂರಿನವರು ಕಡಮೆಯಿರಲಿಲ್ಲ. ಅವರ ಪ್ರತಿಕ್ರಿಯೆಯನ್ನು ಯಾರೂ ಕೇಳಲಿಲ್ಲ. ಆ ಹೆಣ್ಣುಮಗಳು ಆಮಂತ್ರಣಪತ್ರಿಕೆಯ ಬೆನ್ನಿನ ಮೇಲೆ ಬರೆದುಕೊಟ್ಟದ್ದು ‘ದಿ ಸರ್ಕಲ್’ ಕುರಿತು ನಾನು ಕಂಡ ವಿಮರ್ಶೆಗಳಲ್ಲೆಲ್ಲ ಖಚಿತವಾದದ್ದು.

ಈಗ ಅಭಿನವಗುಪ್ತನನ್ನು ಸಭೆಗೆ ಕರೆಯಲು ಅಪ್ಪಣೆಯಾಗಬೇಕು. ವಯಸ್ಸಾದ ಕನ್ನಡ ಮೇಷ್ಟರು ಭಾಷಣಕ್ಕೆ ನಿಂತಮೇಲೆ ಇದನ್ನು ನೀವು ನಿರೀಕ್ಷಿಸಿಯೇ ಇರುತ್ತೀರಿ. ನಾಟ್ಯಶಾಸ್ತ್ರದ ಮೇಲಿನ ತನ್ನ ವ್ಯಾಖ್ಯಾನದಲ್ಲಿ ಆತನು ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಗಣಿಸುತ್ತಾನೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಈ ದಾರಿ ಪರಿಚಿತವೇ. ಮೊದಲನೆಯ ವಿಘ್ನ ಸಂಭಾವನಾವಿರಹ: ನಡೆಯುವ ಸಂಗತಿಯು ಸಂಭವನೀಯವೆಂಬ ನಂಬಿಕೆ ಹುಟ್ಟದಿರುವುದು. ಎರಡನೆಯದು, ಕಾವ್ಯದ ಭಾವವನ್ನು ‘ಇದು ನನ್ನದು’ ಅಥವಾ ‘ಇದು ಅವನದು’ ಎಂದು ನಿರ್ದಿಷ್ಟ ವ್ಯಕ್ತಿಗೂ ದೇಶಕಾಲಗಳಿಗೂ ಕಟ್ಟಿಹಾಕುವುದು. ಮೂರನೆಯದು, ಓದುಗನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು. ಎಂಜಿನಿಯರರಿಗೆ ಆದದ್ದು ಮೊದಲನೆಯ ವಿಘ್ನ. ಅಮೆರಿಕದ ಲೇಖಕಿಗೆ ಆದದ್ದು ಎರಡನೆಯದು. ಮೂರನೆಯದರ ಸೋಂಕೂ ಇದ್ದಿರಬಹುದು. ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ಕುಳಿತು ಮಾಡಿದ ಪಟ್ಟಿಯೊಂದು ರೆಡ್ಮಂಡ್‌ಗೂ ವೈಟ್‌ಫೀಲ್ಡಿಗೂ ಹೀಗೆ ಒಪ್ಪುತ್ತದೆಯಲ್ಲವೆಂದು ನಾನು ಒಂದು ಕಾಲದಲ್ಲಿ ಹಿಗ್ಗಿದ್ದುಂಟು.

ಆದರೆ ಈ ಹಿಗ್ಗು ನಿಲ್ಲುವಂಥದಲ್ಲ. ಏಕೆಂದರೆ ಆ ಹಾಸನದ ಹುಡುಗಿಗೆ ಆದದ್ದೇನು? ಮೊದಲನೆಯ ವಿಘ್ನವು ಅವಳಿಗೆ ತಟ್ಟಲಿಲ್ಲ. ಅವಳ ಸ್ವಂತ ಅನುಭವವೇ ಸಂಭಾವನೆಯನ್ನು ಒದಗಿಸಿತು. ಅದೇ ಸ್ವಂತ ಅನುಭವವು ಶಾಸ್ತ್ರದ ಪ್ರಕಾರ ಎರಡನೆಯ, ಮೂರನೆಯ ವಿಘ್ನಗಳಿಗೂ ಕಾರಣವಾಗಬೇಕಾಗಿತ್ತು. ಆದರೆ ಅವಳು ಸ್ವಂತ ದುಃಖವನ್ನು ತೋಡಿಕೊಳ್ಳಲಿಲ್ಲ, ಕೃತಿಯಲ್ಲಿ ಬಿಟ್ಟುಹೋದ ಒಂದು ಗುಂಡಿಯನ್ನು ತೋರಿಸಿದಳು. ವೃತ್ತಿಯನ್ನು ಬಲ್ಲ ಓದುಗನಲ್ಲಿ ಆ ಬಲ್ಲಿಕೆಯು ಆಸ್ವಾದಕ್ಕೆ ಮೆಟ್ಟಿಲಾಗುವುದು ಯಾವಾಗ, ತಡೆಯಾಗುವುದು ಯಾವಾಗ? ತಿಳಿದಷ್ಟೂ ನಂಬುವುದು ಸುಲಭವಾಗಬೇಕು. ತಿಳಿದಷ್ಟೂ ದೂರ ನಿಲ್ಲುವುದು ಕಠಿನವಾಗಬೇಕು. ಎರಡೂ ಏಕಕಾಲದಲ್ಲಿ ಒಬ್ಬನಲ್ಲೇ ನಡೆಯುವಾಗ ಅವನನ್ನು ಸಹೃದಯರ ಪಂಕ್ತಿಯಲ್ಲಿ ಕೂರಿಸಬೇಕೋ ಕೂಡದೋ? ಈ ಪ್ರಶ್ನೆಯನ್ನು ಹೊತ್ತು ನಾನು ಬಹುಕಾಲದಿಂದ ತಿರುಗುತ್ತಿದ್ದೇನೆ. ಪಂಡಿತರ ಮುಂದಿಟ್ಟರೆ ಅವರು ಸಾಧಾರಣೀಕರಣವೆಂದು ಹೇಳಿ ಕಣ್ಣು ಮುಚ್ಚುತ್ತಾರೆ. ಸಮಾಜಶಾಸ್ತ್ರಜ್ಞರ ಮುಂದಿಟ್ಟರೆ ಅವರು ವರ್ಗವೆಂದು ಹೇಳಿ ಕಣ್ಣು ಬಿಡುತ್ತಾರೆ. ಎರಡೂ ಉತ್ತರಗಳು ನನ್ನ ಕೈಯಲ್ಲಿರುವ ಆ ಆಮಂತ್ರಣಪತ್ರಿಕೆಯ ಹಿಂಬದಿಯನ್ನು ಮುಟ್ಟುವುದಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ ಹೆಣೆದುಕೊಂಡಿದೆ; ಅದನ್ನು ಹೇಳಿ ಮುಗಿಸುತ್ತೇನೆ. ಓದುಗನ ಮಾತು ಬರೆಯುವವನ ಕೈಯನ್ನು ತಲುಪಬಲ್ಲುದೆ ಎಂಬುದು ಪ್ರಕಟಣ ಕ್ರಮವನ್ನು ಅವಲಂಬಿಸಿದೆ. ಡಿಕನ್ಸನ ‘ಡೇವಿಡ್ ಕಾಪರ್‌ಫೀಲ್ಡ್’ 1849ರ ಮೇ ತಿಂಗಳಿಂದ 1850ರ ನವೆಂಬರ್‌ವರೆಗೆ ಮಾಸಿಕ ಭಾಗಗಳಲ್ಲಿ ಬಂದಿತು. ಅದರಲ್ಲಿ ಮಿಸ್ ಮೌಚರ್ ಎಂಬ ಗಿಡ್ಡ ಹೆಣ್ಣುಮಗಳನ್ನು, ಶ್ರೀಮಂತರ ಮನೆಗಳಿಗೆ ಹೋಗಿ ಕೇಶಾಲಂಕಾರ ಮಾಡುವವಳನ್ನು, ಕುಟಿಲೆಯೆಂಬಂತೆ ಚಿತ್ರಿಸಿದಾಗ, ಲಂಡನ್ನಿನಲ್ಲಿ ಡಿಕನ್ಸನ ನೆರೆಯಲ್ಲೇ ವಾಸಿಸುತ್ತ, ಪಾದಗಳ ಚಿಕಿತ್ಸೆಯಿಂದ ಜೀವನ ಸಾಗಿಸುತ್ತಿದ್ದ ಅಷ್ಟೇ ಗಿಡ್ಡನೆಯ ಹೆಂಗಸೊಬ್ಬಳು ಅದರಲ್ಲಿ ತನ್ನನ್ನು ಗುರುತಿಸಿಕೊಂಡು ಕಣ್ಣೀರಿನ ಕಾಗದವನ್ನೂ ವಕೀಲರ ಕಾಗದವನ್ನೂ ಕಳಿಸಿದಳು. ಡಿಕನ್ಸನು ಮುಂದಿನ ಭಾಗವೊಂದರಲ್ಲಿ ಮಿಸ್ ಮೌಚರಳನ್ನು ಒಳ್ಳೆಯವಳನ್ನಾಗಿ ಮಾಡಿದನು. ವೃತ್ತಿಯ ಓದುಗಳೊಬ್ಬಳು ಕೃತಿಯನ್ನು ನಡುದಾರಿಯಲ್ಲಿ ತಿರುಗಿಸಿದ ಸ್ಪಷ್ಟ ನಿದರ್ಶನ ಇದು. ಆ ತಿರುವಿನಿಂದ ಕಾದಂಬರಿಗೆ ಲಾಭವಾಯಿತೆಂದು ನನಗೆ ಅನ್ನಿಸುವುದಿಲ್ಲ. ಆ ಹೆಂಗಸಿಗೆ ನ್ಯಾಯವಾಯಿತು.

ಎಗ್ಗರ್ಸ್ ಅವರ ಓದುಗರಿಗೆ ಈ ಅವಕಾಶವಿರಲಿಲ್ಲ. ಪುರವಣಿಯಲ್ಲಿ ಆ ಭಾಗ ಬರುವಷ್ಟರಲ್ಲಿ ಪುಸ್ತಕ ಮುಗಿದಿತ್ತು. ಆಯ್ದ ಭಾಗದ ಪ್ರಕಟಣೆಯೆಂಬುದು ನಮ್ಮ ಕಾಲದಲ್ಲಿ ಪ್ರಶ್ನೆಯ ವೇಷ ಹಾಕಿಕೊಂಡ ಜಾಹೀರಾತು. ಓದುಗರು ಪಾಪ, ತಮ್ಮನ್ನು ನಿಜವಾಗಿಯೂ ಕೇಳಿದರೆಂದೇ ತಿಳಿದು ಉತ್ತರ ಕೊಡುತ್ತಾರೆ. ನಮ್ಮ ‘ಸುಧಾ’, ‘ತರಂಗ’ಗಳ ಧಾರಾವಾಹಿಯ ಓದುಗರು ಹಾಗಿರಲಿಲ್ಲ, ಮುಂದಿನ ವಾರ ಇನ್ನೂ ಬರಬೇಕಾಗಿದೆಯೆಂಬ ಸಲಿಗೆಯಿಂದ ಅವರು ಬರೆಯುತ್ತಿದ್ದರು.

ಕೂಪ್‌ಲ್ಯಾಂಡ್ ಅವರದು ಇವೆರಡರ ನಡುವಿನ ಸ್ಥಿತಿ. ನನ್ನ ಕುತೂಹಲ ಕೆರಳಿರುವುದು ಅಲ್ಲಿಯೇ. 1994ರ ಜನವರಿಯಲ್ಲಿ ರೆಡ್ಮಂಡ್‌ನ ಕಥೆಯಾಗಿ ಬಂದದ್ದು 1995ರಲ್ಲಿ ಕಾದಂಬರಿಯಾದಾಗ, ಮೊದಲ ಅಧ್ಯಾಯದ ತರುವಾಯ ಪಾತ್ರಗಳಲ್ಲಿ ಹೆಚ್ಚಿನವರು ಮೈಕ್ರೋಸಾಫ್ಟನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಗೆ ಹೋಗಿ, ಮೈಕೇಲನ ನೇತೃತ್ವದಲ್ಲಿ ಸ್ವಂತದ ಒಂದು ಪುಟ್ಟ ಸಂಸ್ಥೆಯನ್ನು ಕಟ್ಟುತ್ತಾರೆ. ಐಬಿಎಂ ಸಂಸ್ಥೆಯಿಂದ ಕೆಲಸ ಕಳೆದುಕೊಂಡ ಡೇನಿಯಲನ ತಂದೆ, ಕೊನೆಗೆ ಪಾರ್ಶ್ವವಾಯುವಿಗೆ ತುತ್ತಾಗಿ ಗಣಕದ ಕೀಲಿಮಣೆಯ ಮೂಲಕವೇ ಮಾತನಾಡಬೇಕಾಗುವ ತಾಯಿ, ಇವರು ಕಥೆಯ ನಡುವಿಗೆ ಬರುತ್ತಾರೆ. ಕಚೇರಿಯ ಕಥೆ ಕುಟುಂಬದ ಕಥೆಯಾಗುತ್ತದೆ. ಮೊದಲ ಭಾಗವನ್ನು ತಮ್ಮ ವೃತ್ತಿಯ ನಿಷ್ಠುರ ದಾಖಲೆಯೆಂದು ಮೆಚ್ಚಿದವರು ಈ ಉತ್ತರಾರ್ಧವನ್ನು ಸಡಿಲವೆಂದು ಹೇಳುವುದನ್ನು ನಾನು ಕೇಳಿದ್ದೇನೆ. ನನ್ನ ಸಂಶಯ ಬೇರೆ. ತನ್ನ ಕಥೆಯ ಪಾತ್ರಗಳೇ ಓದುಗರಾಗಿ ಎದುರಿಗೆ ಕುಳಿತಿರುವುದನ್ನು ಕಂಡ ಲೇಖಕನು, ಅವರು ತಪ್ಪು ಹುಡುಕಲಾರದ ಸ್ಥಳಕ್ಕೆ, ಎಂದರೆ ಮನೆಗೆ, ಆಸ್ಪತ್ರೆಯ ಹಾಸಿಗೆಯ ಬದಿಗೆ, ಕಥೆಯನ್ನು ಸರಿಸಿಕೊಂಡನೆ? ಅಥವಾ ಅವರ ಮೆಚ್ಚಿಗೆಯಿಂದಲೇ ಧೈರ್ಯ ತಾಳಿ, ದಾಖಲೆಯ ಋಣ ತೀರಿತೆಂದು ಕಾದಂಬರಿಯ ಕಡೆಗೆ ಹೊರಳಿದನೆ? ಎರಡಕ್ಕೂ ಅನುಕೂಲವಾದ ಸಾಕ್ಷ್ಯವನ್ನು ಪುಟಗಳಲ್ಲಿ ತೋರಿಸಬಹುದು. ಒಂದು ದಿನ ಒಂದನ್ನು ನಂಬುತ್ತೇನೆ, ಮರುದಿನ ಇನ್ನೊಂದನ್ನು.

ಮಧ್ಯಾಹ್ನದ ಗೋಷ್ಠಿಯಲ್ಲಿ ವಾರಪತ್ರಿಕೆಗಳ ಸಂಪಾದಕಮಿತ್ರರು ಇಬ್ಬರು ಭಾಗವಹಿಸುತ್ತಾರೆಂದು ಕಾರ್ಯಕ್ರಮಪಟ್ಟಿಯಲ್ಲಿ ಕಂಡೆ. ಧಾರಾವಾಹಿಗಳಿಗೆ ಬಂದ ಓದುಗರ ಕಾಗದಗಳಲ್ಲಿ ಅಚ್ಚಾಗದೆ ಉಳಿದವು ಅವರ ಕಚೇರಿಯ ಅಟ್ಟದ ಮೇಲೆ ಇನ್ನೂ ಇವೆಯೇ ಎಂದು ಅವರನ್ನು ಕೇಳಬೇಕು. ಇದ್ದರೆ, ಯಾವ ಕಾಗದದಲ್ಲಿ ಬರೆದವರು ತಮ್ಮ ಉದ್ಯೋಗವನ್ನು ಹೆಸರಿನ ಕೆಳಗೆ ನಮೂದಿಸಿದ್ದಾರೋ ಅವುಗಳನ್ನು ಮೊದಲು ಬೇರ್ಪಡಿಸಿ ಕೊಡುವಂತೆ ಪ್ರಾರ್ಥಿಸಬೇಕು. ಆ ಮೈಸೂರಿನ ವಿದುಷಿಯ ಎರವಲು ವಹಿಗಳ ಪಕ್ಕದಲ್ಲಿ ಅವನ್ನಿಟ್ಟು ನೋಡುವ ಕೆಲಸಕ್ಕೆ ಇಲ್ಲಿನ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಬಂದರೆ, ಇಂಗ್ಲಿಷ್ ವಿಭಾಗದವರು ಅವರಿಗೊಂದು ಮೇಜು ಕೊಡಲು ಒಪ್ಪಿದ್ದಾರೆ. ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಕೇಳಿ ಗೊತ್ತುಮಾಡಿಕೊಂಡಿದ್ದೇನೆ. ಅಧ್ಯಕ್ಷರ ಎರಡನೆಯ ಚೀಟಿಯೂ ಬಂದಿತು.